ದೇವರ ಮಾತು, ತಿದ್ದಿದವರ ಕೈ

ನಕಾಶೆಯಲ್ಲಿ ಪಾವಗಡ ತಾಲ್ಲೂಕು ಆಂಧ್ರದೊಳಗೆ ಸಿಕ್ಕಿಕೊಂಡ ಕರ್ನಾಟಕದ ತುಂಡಿನಂತೆ ಕಾಣುತ್ತದೆ. ಅಲ್ಲಿಯೂ ಮಧುಗಿರಿಯ ಗಡಿಹಳ್ಳಿಗಳಲ್ಲಿಯೂ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಶಿರಾದ ಪೇಟೆಯಲ್ಲಿ ಉರ್ದು ಕಿವಿಗೆ ಬೀಳುತ್ತದೆ. ಕೊರಟಗೆರೆಗೆ ಬಂದರೆ ತುಮಕೂರಿನ ಕನ್ನಡ. ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆ. ಆದರೆ ಅವರ ಎದುರಿಗಿರುವ ಪ್ರಶ್ನೆ ಸಣ್ಣದಲ್ಲ. ಅಜ್ಜಿ ಓದುವುದು ತೆಲುಗು ಬೈಬಲ್, ಸಭೆಯಲ್ಲಿ ಓದುವುದು ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದ’, ಮೊಮ್ಮಗನ ಮೊಬೈಲಿನಲ್ಲಿರುವುದು ಸುಲಭ ಕನ್ನಡದ ಹೊಸ ಅನುವಾದ, ಕಥೋಲಿಕ ನೆಂಟರ ಮನೆಯಲ್ಲಿರುವುದು ಏಳು ಪುಸ್ತಕ ಹೆಚ್ಚಿರುವ ‘ಶ್ರೀಗ್ರಂಥ’. ಇವುಗಳಲ್ಲಿ ದೇವಪ್ರೇರಿತವಾದದ್ದು ಯಾವುದು?

ಪ್ರಶ್ನೆ ಬೈಬಲ್ಲಿನಷ್ಟೇ ಹಳೆಯದು. ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದ ಎಪ್ಪತ್ತೆರಡು ಮಂದಿ ಬೇರೆಬೇರೆಯಾಗಿ ಕುಳಿತರೂ ಅಕ್ಷರ ತಪ್ಪದೆ ಒಂದೇ ಅನುವಾದ ಬರೆದರೆಂಬ ಐತಿಹ್ಯ ಹುಟ್ಟಿದ್ದೇ ಈ ಆತಂಕದಿಂದ. ಅನುವಾದಕರಿಗೂ ದೈವಪ್ರೇರಣೆ ಇತ್ತೆಂದು ಅಗಸ್ಟೀನ್ ನಂಬಿದ್ದ. ಅವನ ಸಮಕಾಲೀನ ಜೆರೋಮ್ ಒಪ್ಪಲಿಲ್ಲ. ಪ್ರವಾದಿಯ ಕೆಲಸ ಬೇರೆ, ಅನುವಾದಕನ ಕೆಲಸ ಬೇರೆ ಎಂದು ಹೇಳಿ ಅವನು ಹೀಬ್ರೂ ಮೂಲಕ್ಕೆ ಹಿಂದಿರುಗಿ ಲ್ಯಾಟಿನ್ ಬೈಬಲ್ ಸಿದ್ಧಪಡಿಸಿದ. ವಿಚಿತ್ರವೆಂದರೆ, ಹಾಗೆ ವಾದಿಸಿದವನ ಲ್ಯಾಟಿನ್ ಪಾಠವನ್ನೇ 1546ರಲ್ಲಿ ಟ್ರೆಂಟ್ ಮಹಾಸಭೆ ಅಧಿಕೃತವೆಂದು ಘೋಷಿಸಿತು. ಇಂಗ್ಲಿಷಿನಲ್ಲಿಯೂ ಇದೇ ಕಥೆ. 1611ರ ಕಿಂಗ್ ಜೇಮ್ಸ್ ಬೈಬಲ್ ಒಂದೇ ನಿಜವಾದ ದೇವವಾಕ್ಯವೆನ್ನುವ ಪಂಥವೊಂದು ಅಮೆರಿಕದಲ್ಲಿ ಬೆಳೆಯಿತು. ಆದರೆ ಆ ಬೈಬಲ್ಲಿನ ಅನುವಾದಕರೇ ತಮ್ಮ ಮುನ್ನುಡಿಯಲ್ಲಿ ಸಾಧಾರಣ ಅನುವಾದವೂ ದೇವರ ವಾಕ್ಯವೇ ಎಂದು ವಾದಿಸಿದ್ದರು. ಪಂಥದವರು ಇಂದು ತಳ್ಳಿಹಾಕುವ, ‘ಶ್ರೀಗ್ರಂಥ’ದ ಆ ಹೆಚ್ಚಿನ ಏಳೂ ಸೇರಿದ ಅಪೊಕ್ರಿಫಾ ಪುಸ್ತಕಗಳೂ ಆ ಮೊದಲ ಮುದ್ರಣದಲ್ಲಿದ್ದವು.

ಇಂದಿನ ಸಂಪ್ರದಾಯನಿಷ್ಠ ಪ್ರಾಟೆಸ್ಟೆಂಟರ ಉತ್ತರ 1978ರ ಶಿಕಾಗೊ ಹೇಳಿಕೆಯಲ್ಲಿದೆ. ಪ್ರೇರಣೆ ಕಟ್ಟುನಿಟ್ಟಾಗಿ ಸಲ್ಲುವುದು ಮೂಲ ಲೇಖಕರ ಹಸ್ತಪ್ರತಿಗೆ ಮಾತ್ರ. ನಕಲು, ಅನುವಾದಗಳು ಆ ಮೂಲಕ್ಕೆ ನಿಷ್ಠವಾಗಿರುವಷ್ಟರ ಮಟ್ಟಿಗೆ ದೇವರ ವಾಕ್ಯ ಎಂದು ಅದು ಹೇಳುತ್ತದೆ. ತರ್ಕ ಅಚ್ಚುಕಟ್ಟಾಗಿದೆ. ತೊಡಕೆಂದರೆ, ಆ ಮೂಲಪ್ರತಿಗಳಲ್ಲಿ ಒಂದೂ ಉಳಿದಿಲ್ಲ. ಯಾರ ಕೈಯಲ್ಲಿಯೂ ಇಲ್ಲದ ಪುಸ್ತಕಕ್ಕೆ ಪೂರ್ಣ ದೈವತ್ವವನ್ನು ಕೊಟ್ಟು, ಕೈಯಲ್ಲಿರುವ ಪುಸ್ತಕಕ್ಕೆ ಅಳತೆ ಹಚ್ಚಿದರೆ ಸಾಮಾನ್ಯ ಓದುಗ ಆ ಅಳತೆಯನ್ನು ಎಲ್ಲಿಂದ ತರಬೇಕು? 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ತೆಗೆದುಕೊಂಡ ನಿಲುವು ಇದಕ್ಕಿಂತ ನೆಲಕ್ಕೆ ಹತ್ತಿರವಾದದ್ದು. ಬರೆದ ಮನುಷ್ಯರೂ ನಿಜವಾದ ಲೇಖಕರೇ ಎಂದು ಅದು ಒಪ್ಪಿಕೊಂಡಿತು. ಇತರ ಸಭೆಗಳ ಕ್ರೈಸ್ತರೊಡನೆ ಕೂಡಿ ಅನುವಾದ ಮಾಡಲು ದಾರಿ ತೆರೆಯಿತು.

ಕನ್ನಡ ಬೈಬಲ್ಲಿನ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಮುಂದೆ ಕನ್ನಡ ನಿಘಂಟನ್ನೂ ರಚಿಸಿದ ವಿಲಿಯಂ ರೀವ್‌ನ ಜೊತೆಗೂಡಿ, 1831ರ ಹೊತ್ತಿಗೆ ಪೂರ್ಣ ಬೈಬಲನ್ನು ಕನ್ನಡಕ್ಕೆ ತಂದ. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿ ತುಮಕೂರು ಸೀಮೆಯಲ್ಲಿ ಸುವಾರ್ತೆ ಸಾರತೊಡಗಿದಾಗ ಪೂರ್ಣ ಕನ್ನಡ ಬೈಬಲ್ ಎಂದು ಇದ್ದದ್ದು ಅದೇ. ಕೆಲವೇ ವರ್ಷಗಳಲ್ಲಿ ಆ ಭಾಷೆ ಯಾರಿಗೂ ತೃಪ್ತಿ ಕೊಡದಾಯಿತು. ಬಾಸೆಲ್ ಮಿಷನ್ನಿನ ವೈಗ್ಲೆ ಮತ್ತು ಮೊಗ್ಲಿಂಗ್ ತಿದ್ದಲು ಕುಳಿತರು. ಅವರ ನಂತರವೂ ಪರಿಷ್ಕರಣೆ ನಡೆಯುತ್ತಲೇ ಬಂತು. ಅದೇ ಬಾಸೆಲ್ ಮಿಷನ್ನಿನ ಕಿಟೆಲ್ ಅಂತೂ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಷಟ್ಪದಿಯಲ್ಲೇ ಹಾಡಿದ. ಸಭೆ ಅದನ್ನು ಕಾವ್ಯವೆಂದು ಮೆಚ್ಚಿತೇ ಹೊರತು ಶಾಸ್ತ್ರದ ಪೀಠಕ್ಕೆ ಏರಿಸಲಿಲ್ಲ. ಗದ್ಯದ ಅನುವಾದಕ್ಕೆ ಸಿಕ್ಕ ಪಾವಿತ್ರ್ಯ ಪದ್ಯದ ನಿರೂಪಣೆಗೆ ಸಿಗಲಿಲ್ಲವೆಂಬುದು ಯೋಚಿಸಬೇಕಾದ ಸಂಗತಿ: ಪಾವಿತ್ರ್ಯವನ್ನು ಇಲ್ಲಿ ಕೊಟ್ಟದ್ದು ಬಳಕೆ.

ಬದಲಾದದ್ದು ಭಾಷೆ ಮಾತ್ರವಲ್ಲ, ಅನುವಾದಕ್ಕೆ ಆಧಾರವಾದ ಮೂಲಪಾಠದ ಬಗೆಗಿನ ತಿಳಿವಳಿಕೆಯೂ ಬದಲಾಯಿತು. ಹ್ಯಾಂಡ್ಸ್ ಕೆಲಸ ಮಾಡುವಾಗ ಸೀನಾಯಿ ಬೆಟ್ಟದ ಮಠದ ಹಸ್ತಪ್ರತಿ ವಿದ್ವಾಂಸರ ಕೈಗೆ ಬಂದಿರಲಿಲ್ಲ. ಅದೂ ವ್ಯಾಟಿಕನ್ ಪ್ರತಿಯೂ ಮುದ್ರಣಕ್ಕೆ ಬಂದ ಮೇಲೆ, ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಆ ಎರಡೂ ಹಳೆಯ ಪ್ರತಿಗಳಲ್ಲಿ ಇಲ್ಲವೆಂಬುದು ಎಲ್ಲರಿಗೂ ತಿಳಿಯಿತು. ವ್ಯಭಿಚಾರದಲ್ಲಿ ಸಿಕ್ಕಿದ ಹೆಂಗಸಿನ ಪ್ರಸಂಗವೂ ಅವುಗಳಲ್ಲಿ ಇಲ್ಲ. ಯೋಹಾನನ ಮೊದಲ ಪತ್ರಿಕೆಯಲ್ಲಿ ಪರಲೋಕದ ಮೂವರು ಸಾಕ್ಷಿಗಳನ್ನು ಹೆಸರಿಸುವ ಮಾತು ಗ್ರೀಕ್ ಪ್ರತಿಗಳಿಗೆ ಬಹಳ ತಡವಾಗಿ ಸೇರಿದ್ದು. ಇವು ಕಾಗುಣಿತದ ವ್ಯತ್ಯಾಸಗಳಲ್ಲ; ಪುನರುತ್ಥಾನ, ಕ್ಷಮೆ, ತ್ರಿಯೇಕತ್ವ ಇವುಗಳ ಬಗ್ಗೆ ಉಪದೇಶ ಮಾಡುವಾಗ ಬೋಧಕರು ಕೈಗೆತ್ತಿಕೊಳ್ಳುವ ಭಾಗಗಳು.

ಇಷ್ಟೆಲ್ಲ ನಡೆದದ್ದು ಸಭೆಯಲ್ಲಿ ಕುಳಿತವನಿಗೆ ಏಕೆ ತಿಳಿಯಲಿಲ್ಲ? ಒಂದು ಕಾರಣ ಲಂಡನ್ನಿನಲ್ಲಿದೆ. 1804ರಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಬೈಬಲನ್ನು ಟಿಪ್ಪಣಿಯಾಗಲಿ ವ್ಯಾಖ್ಯಾನವಾಗಲಿ ಇಲ್ಲದೆ ಹಂಚುವ ನಿಯಮ ಮಾಡಿಕೊಂಡಿತು. ಬೇರೆಬೇರೆ ಸಭೆಗಳು ಜಗಳವಿಲ್ಲದೆ ಒಂದೇ ಪುಸ್ತಕ ಬಳಸಲಿ ಎಂಬ ಉದ್ದೇಶ ಒಳ್ಳೆಯದೇ. ಅಪೊಕ್ರಿಫಾ ಸೇರಿದ ಬೈಬಲಿಗೆ ಹಣ ಕೊಡುವುದಿಲ್ಲವೆಂದು 1826ರಲ್ಲಿ ಅದೇ ಸೊಸೈಟಿ ತೀರ್ಮಾನಿಸಿತು. ಎರಡೂ ತೀರ್ಮಾನಗಳ ಫಲ ಹೀಗಾಯಿತು: ಪುಸ್ತಕಗಳ ಸಂಖ್ಯೆ 66 ಎಂಬುದು ಆಕಾಶದಿಂದ ಇಳಿದ ಲೆಕ್ಕದಂತೆ ಕಂಡಿತು, ತಿದ್ದಿದ ಗುರುತು ಎಲ್ಲಿಯೂ ಕಾಣದ ಪುಟ ಓದುಗನ ಕೈಗೆ ಬಂತು. ಪ್ರಾಟೆಸ್ಟೆಂಟ್ ಬೈಬಲ್ ಸೊಸೈಟಿಗಳೂ ವ್ಯಾಟಿಕನ್ನೂ ಕೂಡಿ ಅನುವಾದ ಮಾಡುವ ಸೂತ್ರಗಳಿಗೆ ಬಂದದ್ದು 1968ರಲ್ಲಿ. ಅಷ್ಟರೊಳಗೆ ಓದುಗರ ನಾಲ್ಕೈದು ತಲೆಮಾರು ಕಳೆದಿತ್ತು.

ಇದೇ ಸೀಮೆಯ ಬೇರೆ ಧರ್ಮಪರಂಪರೆಗಳು ಈ ಗಂಟನ್ನು ಬೇರೆ ರೀತಿ ಬಿಡಿಸಿಕೊಂಡಿವೆ. 1687ರ ನಂತರ ಮೊಘಲ್ ಸುಬಾದ ರಾಜಧಾನಿಯಾಗಿದ್ದ ಶಿರಾದ ಜುಮ್ಮಾ ಮಸೀದಿಯಲ್ಲಿ ನಮಾಜಿಗೆ ಓದುವುದು ಅರಬ್ಬೀ ಕುರ್‌ಆನ್ ಮಾತ್ರ. ಕನ್ನಡದಲ್ಲಿಯೂ ಕುರ್‌ಆನ್ ಅನುವಾದವಿದೆ, ಆದರೆ ಅದು ಅರ್ಥವಿವರಣೆ, ಕುರ್‌ಆನ್ ಅಲ್ಲ. ಗೆರೆ ಸ್ಪಷ್ಟ, ಅದಕ್ಕೆ ತೆರುವ ಬೆಲೆಯೂ ಸ್ಪಷ್ಟ: ಹೆಚ್ಚಿನ ಭಕ್ತರು ತಮಗೆ ನೇರವಾಗಿ ಅರ್ಥವಾಗದ ಭಾಷೆಯಲ್ಲಿ ದೇವರ ಮಾತು ಕೇಳುತ್ತಾರೆ. ಅರಬ್ಬಿಯಲ್ಲಿಯೂ ಓದಿನ ಭೇದಗಳಿವೆ. ಹತ್ತನೆಯ ಶತಮಾನದಲ್ಲಿ ಇಬ್ನ್ ಮುಜಾಹಿದ್ ಅಂಥ ಏಳು ಓದುಗಳನ್ನು ಹೆಸರಿಸಿ ಮಾನ್ಯ ಮಾಡಿದ. ಭೇದವನ್ನು ಅವನು ಮುಚ್ಚಿಡಲಿಲ್ಲ, ಎಣಿಸಿಟ್ಟ.

ಇನ್ನೊಂದು ಉದಾಹರಣೆ ತುಮಕೂರಿಗೆ ಅಂಟಿಕೊಂಡ ಗೂಳೂರಿನದು. ಶರಣರ ವಚನಗಳನ್ನು ಹೆಣೆದು ಕಟ್ಟಿದ ಶೂನ್ಯಸಂಪಾದನೆಗೆ ನಾಲ್ಕು ಪರಿಷ್ಕರಣೆಗಳಿವೆ: ಶಿವಗಣಪ್ರಸಾದಿ ಮಹಾದೇವಯ್ಯನದು, ಹಲಗೆಯಾರ್ಯನದು, ಗುಮ್ಮಳಾಪುರದ ಸಿದ್ಧಲಿಂಗ ಯತಿಯದು, ಗೂಳೂರ ಸಿದ್ಧವೀರಣ್ಣೊಡೆಯನದು. ಮೊದಲನೆಯದರಲ್ಲಿ ಇಲ್ಲದ ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯ ಪ್ರಸಂಗ ನಂತರದ ಪರಿಷ್ಕರಣೆಯೊಂದರಲ್ಲಿ ಸೇರಿತು. ಸಣ್ಣ ತಿದ್ದುಪಡಿಯಲ್ಲ, ತತ್ತ್ವದ ಭಿನ್ನಮತ ಅದು. ಶೂನ್ಯಸಂಪಾದನೆ ತನ್ನನ್ನು ದೇವರು ಬರೆಸಿದ ಗ್ರಂಥವೆಂದು ಹೇಳಿಕೊಳ್ಳುವುದಿಲ್ಲ, ಆದ್ದರಿಂದ ಬೈಬಲಿನೊಡನೆ ಹೋಲಿಕೆ ಪೂರ್ತಿ ಹೊಂದದು. ಆದರೂ ಶರಣರ ವಚನಗಳನ್ನು ಭಕ್ತರು ಹಿಡಿದದ್ದು ಶ್ರುತಿಗಿಂತ ಕಡಿಮೆ ಭಕ್ತಿಯಿಂದಲ್ಲ. ತಿದ್ದಿದವರು ಹೆಸರಿನ ಸಮೇತ ಮುಂದೆ ಬಂದು ನಿಂತರು. ನಾಲ್ಕೂ ಪಾಠ ಉಳಿದವು. ಗ್ರಂಥದ ಗೌರವಕ್ಕೆ ಕುಂದು ಬರಲಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಗಣೆ ಊದಿ ಹಾಡುವ ಜುಂಜಪ್ಪನ ಕಾವ್ಯವೂ ಬಾಯಿಂದ ಬಾಯಿಗೆ ಬೇರೆಯಾಗುತ್ತದೆ. ಅದರಿಂದ ಜುಂಜಪ್ಪ ದೇವರಲ್ಲವೆಂದು ಯಾವ ಭಕ್ತನೂ ಹೇಳಿದ್ದಿಲ್ಲ.

ಕನ್ನಡ ಬೈಬಲ್ ಪರಂಪರೆಯ ವಿದ್ವತ್ತಿನ ಬಗ್ಗೆ ನನ್ನ ತಕರಾರಿಲ್ಲ. ನಿಘಂಟು, ಮುದ್ರಣ, ಗದ್ಯ ಇವುಗಳಲ್ಲಿ ಕನ್ನಡ ಅದಕ್ಕೆ ಋಣಿ. ತಕರಾರಿರುವುದು ಅದರ ಮೌನದ ಬಗ್ಗೆ. ಎರಡು ಶತಮಾನ ತಿದ್ದುತ್ತಲೇ ಬಂದ ಪರಂಪರೆ, ತಾನು ತಿದ್ದುತ್ತಿದ್ದೇನೆಂದು ತನ್ನ ಓದುಗನಿಗೆ ಬಾಯಿಬಿಟ್ಟು ಹೇಳಲಿಲ್ಲ. ಮಿಷನರಿಗಳ ಹೆಸರು ಚರಿತ್ರೆಯ ಪುಸ್ತಕಗಳಲ್ಲಾದರೂ ಸಿಗುತ್ತದೆ. ಅವರ ಪಕ್ಕದಲ್ಲಿ ಕುಳಿತು ವಾಕ್ಯ ಹದಗೊಳಿಸಿದ ಮುನ್ಷಿಗಳ ಹೆಸರು ಅಲ್ಲಿಯೂ ಅಪರೂಪ. ದೈವಪ್ರೇರಣೆಯನ್ನು ಅಚ್ಚಾದ ಒಂದು ಪುಟದ ಅಕ್ಷರಗಳಿಗೆ ಕಟ್ಟಿಹಾಕಿದರೆ, ಮುಂದಿನ ಪರಿಷ್ಕರಣೆ ಬಂದ ದಿನ ಆ ನಂಬಿಕೆಯೂ ಹರಿಯುತ್ತದೆ. ಓದುವ ಸಮುದಾಯ ತಲೆಮಾರಿನಿಂದ ತಲೆಮಾರಿಗೆ ಮೂಲವನ್ನು ಮತ್ತೆಮತ್ತೆ ಹುಡುಕಿಕೊಂಡು ಹೋಗುವ ಶ್ರಮದಲ್ಲಿಯೂ ಪ್ರೇರಣೆ ಇದೆ ಎಂದುಕೊಂಡರೆ ಭೇದಗಳು ಹೆದರಿಸುವುದಿಲ್ಲ.

ಪ್ರಕಾಶಕರು ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಸಂಶಯವಿರುವ ಭಾಗಗಳಿಗೆ ಪುಟದ ಕೆಳಗೆ ಕನ್ನಡದಲ್ಲಿ ಟಿಪ್ಪಣಿ ಕೊಡಲಿ. ಯಾವ ವರ್ಷ, ಯಾರು, ಯಾವ ಮೂಲಪಾಠದಿಂದ ಪರಿಷ್ಕರಿಸಿದರೆಂದು ಮುನ್ನುಡಿಯಲ್ಲಿ ಬರೆಯಲಿ. ಬೋಧಕರು ವಾರಕ್ಕೊಮ್ಮೆಯಾದರೂ ಎರಡು ಅನುವಾದಗಳನ್ನು ಜೊತೆಗಿಟ್ಟು ಓದಿಸಲಿ. ಪಾವಗಡದಂಥ ಕಡೆ ತೆಲುಗನ್ನೂ ಸೇರಿಸಲಿ. ಈ ನಾಲ್ಕು ತಾಲ್ಲೂಕಿನ ಓದುಗರು ಎರಡು ಮೂರು ಭಾಷೆಗಳ ನಡುವೆ ಬದುಕಿ ಬಂದವರು, ಪಾಠಭೇದ ಕಂಡು ಅವರ ನಂಬಿಕೆ ಕುಸಿಯುವುದಿಲ್ಲ. ಅವರಿಗೆ ನಿಜ ಹೇಳಬೇಕು, ಅಷ್ಟೆ.