ಶಾಂತಸಾಗರದ ತೇಲುಯಂತ್ರಗಳು

ಭೂಮಧ್ಯರೇಖೆಯ ಇಕ್ಕೆಲಗಳಲ್ಲಿ, ನ್ಯೂಗಿನಿಯ ಸಮೀಪದಿಂದ ದಕ್ಷಿಣ ಅಮೆರಿಕದ ದಿಕ್ಕಿಗೆ, ಶಾಂತಸಾಗರದ ಉದ್ದಕ್ಕೂ ಲಂಗರು ಹಾಕಿ ನಿಲ್ಲಿಸಿದ ಸುಮಾರು 70 ತೇಲುಯಂತ್ರಗಳ ಪಂಕ್ತಿಯನ್ನು ಮಾನವಕೌಶಲದ ಅತ್ಯುತ್ತಮ ಕೃತಿಗಳಲ್ಲೊಂದೆಂದು ಎಣಿಸಲು ನನಗೆ ಸಂಕೋಚವಿಲ್ಲ. 1982-83ರ ಪ್ರಬಲ ಎಲ್ ನಿನೊ, ಎಂದರೆ ಪೂರ್ವ ಶಾಂತಸಾಗರದ ನೀರು ಬೆಚ್ಚಗಾಗುವ ವಿದ್ಯಮಾನ, ವಿಜ್ಞಾನಿಗಳ ಅರಿವಿಗೆ ಬಾರದೆಯೇ ಬಲಿತು, ಪೆರುವಿಗೆ ಪ್ರವಾಹವನ್ನೂ ಆಸ್ಟ್ರೇಲಿಯಕ್ಕೆ ಅನಾವೃಷ್ಟಿಯನ್ನೂ ತಂದ ಬಳಿಕ ಭರದಿಂದ ಸಾಗಿದ ಈ ಕಾರ್ಯ 1994ರಲ್ಲಿ ಪೂರ್ಣಗೊಂಡಿತು.

ಯಂತ್ರದ ರಚನೆಯಾದರೋ ಬಲು ಸರಳ: ಎರಡು ಮೀಟರಿಗೂ ಮಿಗಿಲಾದ ವ್ಯಾಸದ, ಉದ್ದಿನವಡೆಯಂತೆ ನಡುವೆ ತೂತುಳ್ಳ ತೇಲುದೇಹ, ಅದರ ನೆತ್ತಿಯಲ್ಲಿ ಗಾಳಿಯನ್ನಳೆಯುವ ಉಪಕರಣ, ಕೆಳಗೆ, 500 ಮೀಟರ್ ಆಳದವರೆಗೆ ಉಕ್ಕಿನ ಹಗ್ಗಕ್ಕೆ ಬಿಗಿದ ಉಷ್ಣಮಾಪಕಗಳು, ಸಾಗರತಳದಲ್ಲಿ ಲಂಗರಾಗಿ, ಎಂತಹ ಸೊಗಸಾದ ಯೋಚನೆ, ಹಳೆಯ ರೈಲುಗಾಲಿಗಳು! ಪೂರ್ವದಿಂದ ಬೀಸುವ ವಾಣಿಜ್ಯಮಾರುತಗಳು ಕುಗ್ಗಿ, ಪಶ್ಚಿಮದಲ್ಲಿ ಸಂಚಿತವಾದ ಬೆಚ್ಚನೆಯ ಜಲರಾಶಿ ಪೂರ್ವಾಭಿಮುಖವಾಗಿ ಸರಿಯತೊಡಗಿದಾಗ, ಪೂರ್ವದ ಮೇಲ್ಮೈಯಲ್ಲಿ ಅದರ ಸುಳಿವು ತೋರುವ ಮೊದಲೇ, ಆಳದ ಆ ಚಲನೆಯನ್ನು ಇವು ಉಪಗ್ರಹದ ಮೂಲಕ ದಡಕ್ಕೆ ತಿಳಿಸುತ್ತವೆ. 1997ರ ಎಲ್ ನಿನೊ ಬೆಳೆದ ಬಗೆಯನ್ನು ಜಗತ್ತು ದಿನದಿನವೂ ಕಂಡದ್ದು ಹೀಗೆಯೇ.

ಆ ವರ್ಷ, ಎಲ್ ನಿನೊ ಮಳೆಯನ್ನು ಕುಗ್ಗಿಸೀತೆಂಬ ಎಲ್ಲರ ಆತಂಕಕ್ಕೆ ವಿರುದ್ಧವಾಗಿ, ಭಾರತದ ಮುಂಗಾರು ಕೈಕೊಡಲಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮಭಾಗ ಬೆಚ್ಚಗಾಗಿದ್ದುದು ಅದಕ್ಕೊಂದು ಕಾರಣವೆಂದು ತಜ್ಞರ ಅಭಿಪ್ರಾಯ. ಆ ಸಾಗರದಲ್ಲಿಯೂ 2004ರಿಂದೀಚೆಗೆ ಇಂಥವೇ ಯಂತ್ರಗಳನ್ನು ನೆಲೆಗೊಳಿಸಿದ್ದಾರೆ.