ಒಂದೇ ರಾಗ, ಎರಡು ಲಾಲಿ
ಜಪಾನಿನ ಮಸಾಆಕಿ ಸುಜುಕಿಯವರ 'ಬಾಖ್ ಕೊಲೀಜಿಯಂ ಜಪಾನ್' ತಂಡ ಜರ್ಮನಿಯ ಬಾಖ್‌ನ ಕ್ಯಾಂಟಾಟಾಗಳನ್ನು, ಅಂದರೆ ವಾದ್ಯಸಹಿತ ಮೇಳಗೀತೆಗಳನ್ನು, ಧ್ವನಿಮುದ್ರಿಸಿದೆ. ಚರ್ಚಿನ ಗೀತೆಗಳೂ ಇವೆ, ಲೌಕಿಕವೂ ಇವೆ. ನಾವು ಎರಡನ್ನೂ ಜೊತೆಗಿಟ್ಟು ಕೇಳಿದೆವು.

1733ರಲ್ಲಿ ಸ್ಯಾಕ್ಸನಿಯ ರಾಜಕುಮಾರನ ಹುಟ್ಟುಹಬ್ಬಕ್ಕೆ ಬರೆದ ಹರ್ಕ್ಯುಲಿಸ್ ಕಥೆಯಲ್ಲಿ 'ಸುಖ' ಎಂಬಾಕೆ ಆ ಯುವಕನನ್ನು ಮರುಳು ಮಾಡಲು ಲಾಲಿ ಹಾಡುತ್ತಾಳೆ. ಮರುವರ್ಷದ ಕ್ರಿಸ್ಮಸ್‌ಗೆ ಅದೇ ರಾಗ, ತುಸು ಕೆಳಗಿನ ಶ್ರುತಿಯಲ್ಲಿ, ಶಿಶು ಯೇಸುವಿನ, ನಮ್ಮ ಪ್ರವಾದಿ ಈಸಾರ, ಲಾಲಿಯಾಯಿತು! ಬದಲಾದದ್ದು ಮುಖ್ಯವಾಗಿ ಮಾತು. ಸಂಗೀತ ಹಲಾಲೋ ಹರಾಮೋ ಎಂಬ ವಾದ ನಮ್ಮಲ್ಲಿ ಹಳೆಯದು. ರಾಗವನ್ನೇ ಅಪರಾಧಿಯೆನ್ನುವವರು ಇವೆರಡನ್ನೂ ಕೇಳಿ ತೀರ್ಪು ಕೊಡಲಿ.

ಸುಜುಕಿ ಎರಡಕ್ಕೂ ಸಮಾನ ಶ್ರದ್ಧೆ ತೋರಿದ್ದಾರೆ. ನಮ್ಮ ತಕರಾರೂ ಅದೇ. ಸುಖದ ಲಾಲಿ ತೀರಾ ಸಭ್ಯವಾಯಿತು. ಮರುಳು ಮಾಡಬೇಕಾದವಳು ಹೀಗೆ ಹಾಡಿದರೆ ಹರ್ಕ್ಯುಲಿಸ್ ಸದ್ಗುಣದ ದಾರಿ ಹಿಡಿದುದರಲ್ಲಿ ಅಚ್ಚರಿಯೇನು?