ಇನ್ನೂರು ಗಜದ ಗೆರೆ

ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್‌ನಲ್ಲಿ ಕಯೋಟಿ ಬೇಟೆಗೆ ಹೊಸದಾಗಿ ಹೊರಟವರು ಮೊದಲು ಕೇಳುವುದು ರೈಫಲ್ ಎಷ್ಟು ದೂರ ಹೊಡೆಯುತ್ತದೆ ಎಂದು. ನನಗೆ ಅದು ಕಡೆಯ ಪ್ರಶ್ನೆ. ಹುಲ್ಲು ಹೊದ್ದ ಮರಳುದಿಬ್ಬಗಳ ಆ ಸೀಮೆಯಲ್ಲಿ ಮರ ಅಪರೂಪ, ಗಾಳಿಗೆ ಬಿಡುವಿಲ್ಲ. ದಿಬ್ಬದ ಮೇಲೆ ಕೂತರೆ ಅರ್ಧ ಮೈಲಿ ನಿಚ್ಚಳವಾಗಿ ಕಾಣುತ್ತದೆ. ಕಂಡದ್ದಕ್ಕೆಲ್ಲ ಗುರಿಯಿಡುವ ಆಸೆಯನ್ನು ಕೂರುವ ಮೊದಲೇ ಕಟ್ಟಿಹಾಕಬೇಕು.

ಕಯೋಟಿ ನಮ್ಮ ಗುಳ್ಳೆನರಿಗಿಂತ ತುಸು ದೊಡ್ಡದು, ಸಾಮಾನ್ಯವಾಗಿ 10ರಿಂದ 16 ಕಿಲೊ ತೂಗುತ್ತದೆ. ಚಳಿಗಾಲದ ದಟ್ಟ ತುಪ್ಪಳದಲ್ಲಿ ಮೈ ತುಂಬಿಕೊಂಡಂತೆ ಕಂಡರೂ, ಎದೆಯಲ್ಲಿ ಗುಂಡು ತಾಗಬೇಕಾದ ಜಾಗ ನಾಲ್ಕೈದು ಇಂಚು ಅಷ್ಟೆ. .223 ರೆಮಿಂಗ್ಟನ್‌ನ 55 ಗ್ರೇನ್ ಗುಂಡಿಗೆ 200 ಗಜದಲ್ಲಿ ಗುರಿ ಹೊಂದಿಸಿದ್ದರೆ 300 ಗಜದಲ್ಲಿ ಅದು ಏಳೆಂಟು ಇಂಚು ಕೆಳಗಿಳಿಯುತ್ತದೆ. ಈ ಇಳಿತ ಪ್ರತಿ ಸಲವೂ ಒಂದೇ, ಅಭ್ಯಾಸದಿಂದ ಕೈಗೆ ಬರುತ್ತದೆ. ಗಾಳಿ ಹಾಗಲ್ಲ. ಗಂಟೆಗೆ 16 ಕಿಲೊಮೀಟರ್ ವೇಗದ ಅಡ್ಡಗಾಳಿ 100 ಗಜದಲ್ಲಿ ಗುಂಡನ್ನು ಒಂದು ಇಂಚಿನಷ್ಟು ತಳ್ಳಿದರೆ, 300 ಗಜದಲ್ಲಿ ಹತ್ತು ಇಂಚಿನಷ್ಟು ತಳ್ಳುತ್ತದೆ. ಎದೆಗಿಟ್ಟ ಗುರಿ ಹೊಟ್ಟೆಗೆ ಬೀಳಲು ಅಷ್ಟು ಸಾಕು. ಹೊಟ್ಟೆಗೆ ಈಡು ತಿಂದ ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. .22-250 ತೋಟೆಯ ಹೆಚ್ಚಿನ ವೇಗ ಈ ತಪ್ಪನ್ನು ತುಸು ತಗ್ಗಿಸೀತು, ಇಲ್ಲವಾಗಿಸದು. ಹಾಗಾಗಿ ಗಾಳಿಯಿರುವ ದಿನ, ಕೂತು, ಕವೆಗೋಲಿನ ಮೇಲೆ ರೈಫಲ್ ಊರಿ ಹೊಡೆಯುವಾಗ ನನ್ನ ಗೆರೆ 200 ಗಜ. ಗೋಲಿಲ್ಲದೆ ಮೊಣಕಾಲೇ ಆಸರೆಯಾದರೆ 120.

ಗೆರೆಯನ್ನು ನೆಲದ ಮೇಲೆಯೂ ಗುರುತಿಸಿಕೊಳ್ಳಬೇಕು. ಕೂತ ಕೂಡಲೇ ದೂರಮಾಪಕದಲ್ಲಿ ಬೇಲಿಯ ಕಂಬ, ಯಕ್ಕಾ ಗಿಡ, ಗಾಳಿಯಂತ್ರದ ಕಾಲು ಎಷ್ಟೆಷ್ಟು ಗಜದಲ್ಲಿವೆ ಎಂದು ನೋಡಿಟ್ಟುಕೊಳ್ಳಿ. ಕಯೋಟಿ ಬಂದ ಮೇಲೆ ಕೈ ಎತ್ತಿದರೆ ಅದು ಕಂಡೇಬಿಡುತ್ತದೆ.

ಇಷ್ಟೆಲ್ಲ ಹೇಳಿದರೂ ದೂರವನ್ನು ನಿಜವಾಗಿ ತೀರ್ಮಾನಿಸುವುದು ಗಾಳಿ ಬೀಸಿ ಹೋಗುವ ದಿಕ್ಕು. ನಾವು ಕೂಗುಯಂತ್ರದಿಂದ ಹೊರಡಿಸುವ ಮೊಲದ ಚೀತ್ಕಾರ ಕೇಳಿದ ಕಯೋಟಿ ನೇರ ಬರುವುದಕ್ಕಿಂತ, ಸುತ್ತು ಹಾಕಿ ವಾಸನೆ ಹಿಡಿಯಲು ಆ ಕಡೆಗೇ ತಿರುಗುವುದು ಹೆಚ್ಚು. ಆ ಬದಿ ಪೊದೆ ತುಂಬಿದ್ದರೆ ಜಾಗ ಎಷ್ಟೇ ಚೆಂದವಿರಲಿ, ಎದ್ದು ಬೇರೆಡೆ ಹೋಗಿ. ಗಾಳಿ ಹೋಗುವ ಬದಿಯಲ್ಲಿ 150 ಗಜ ಬಯಲಿರಬೇಕು. ಕೂಗುಯಂತ್ರವನ್ನು ಗಾಳಿ ಬರುವ ಕಡೆ 40-50 ಗಜ ದೂರ ಇಟ್ಟರೆ ಕಯೋಟಿಯ ಕಣ್ಣು ನಮ್ಮ ಮೇಲೆ ಬೀಳದು. ಅದು ನಮ್ಮ ವಾಸನೆಯ ದಾರಿಗೆ ಕಾಲಿಡುವ ಮುನ್ನ ನಾವೇ ಬಾಯಲ್ಲಿ ಒಮ್ಮೆ ಸಣ್ಣಗೆ ಬೊಗಳಬೇಕು. ಸಾಮಾನ್ಯವಾಗಿ ಒಂದೆರಡು ಕ್ಷಣ ನಿಲ್ಲುತ್ತದೆ; ಈಡಿಗೆ ಅದೇ ಹೊತ್ತು. ಇನ್ನೂ ಹತ್ತಿರ ಬರಲಿ ಎಂದು ಆಗ ಕಾಯಬಾರದು.

ಸೀಡರ್ ಪೊದೆಗಳ ಕಣಿವೆಯಲ್ಲಿ ಮಾತ್ರ ಬೇರೆ ಲೆಕ್ಕ: 12 ಬೋರ್ ಕೋವಿ, ಬಕ್‌ಶಾಟ್, 40 ಗಜ.

ಗೆರೆಯಾಚೆ, 300 ಗಜದಲ್ಲಿ ನಿಂತು ದಿಟ್ಟಿಸುವ ಕಯೋಟಿಯೂ ಇರುತ್ತದೆ. ದನಿ ತಗ್ಗಿಸಿ, ಇಲಿಯಂತೆ ಚಿಂವ್‌ಗುಟ್ಟಿಸಿ ನೋಡಿ. ಬಾರದಿದ್ದರೆ ಬಿಟ್ಟುಬಿಡಿ. ಅದು ನಿಂತ ಜಾಗ, ಬಂದ ದಾರಿ ನೆನಪಿಟ್ಟುಕೊಂಡು, ಕೆಲವು ವಾರ ಕಳೆದು, ಇನ್ನೊಂದು ಗಾಳಿಯ ದಿನ ಅದರತ್ತ ಒಂದು ದಿಬ್ಬ ಮುಂದೆ ಹೋಗಿ ಕೂತುಕೊಳ್ಳಿ.